ಬಿಸಿ ಕೊಟ್ಟರೂ ಏರದ ಪಾದರಸ

ಒಂಬತ್ತನೆಯ ತರಗತಿಯ ಮಕ್ಕಳಿಗೆ ಗುಪ್ತೋಷ್ಣದ ಪಾಠ ಮಾಡುವಾಗ ಪ್ರತಿ ವರ್ಷವೂ ನಾನು ಒಂದೇ ಪ್ರಯೋಗ ಮಾಡಿ ತೋರಿಸುತ್ತೇನೆ. ಪಕ್ಕದ ಬೇಕರಿಯಿಂದ ತಂದ ಮಂಜುಗಡ್ಡೆಯನ್ನು ಪುಡಿಮಾಡಿ ಬೀಕರಿಗೆ ಹಾಕುವುದು, ಅದರಲ್ಲಿ ಉಷ್ಣತಾಮಾಪಕ ಇಳಿಬಿಡುವುದು, ಕೆಳಗೆ ಸ್ಪಿರಿಟ್ ದೀಪ ಹಚ್ಚುವುದು. ಒಬ್ಬ ಹುಡುಗ ಗಡಿಯಾರ ನೋಡಿ ನಿಮಿಷಕ್ಕೊಮ್ಮೆ ಕೂಗುತ್ತಾನೆ. ಒಬ್ಬಳು ಹುಡುಗಿ ಪಾದರಸದ ಮಟ್ಟ ಓದಿ ಹೇಳುತ್ತಾಳೆ. ಸೊನ್ನೆ. ಮತ್ತೆ ಸೊನ್ನೆ. ಮತ್ತೂ ಸೊನ್ನೆ. ದೀಪ ಉರಿಯುತ್ತಲೇ ಇದೆ, ಪಾದರಸ ಮಾತ್ರ ಜಪ್ಪಯ್ಯ ಅನ್ನುವುದಿಲ್ಲ. ಒಂದು ಗ್ರಾಂ ಮಂಜುಗಡ್ಡೆ ನೀರಾಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಅಷ್ಟನ್ನೂ ಅದು ನುಂಗಿಕೊಳ್ಳುತ್ತದೆ, ಉಷ್ಣತೆಯನ್ನು ಒಂದು ಗೀಟೂ ಏರಿಸುವುದಿಲ್ಲ. 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ಪ್ರಾಧ್ಯಾಪಕರು ಗ್ಲಾಸ್ಗೋದಲ್ಲಿ ತಮ್ಮ ವಿದ್ಯಾರ್ಥಿಗಳಿಗೆ ಮೊದಲು ವಿವರಿಸಿದ್ದು ಇದನ್ನೇ.

ಈ ಸಲ ಪಾಠ ಮುಗಿದು ಮಕ್ಕಳೆಲ್ಲ ಹೊರಗೆ ಹೋದ ಮೇಲೆ, ಪಾದರಸ ಓದುತ್ತಿದ್ದ ಹುಡುಗಿ ಮೇಜಿನ ಹತ್ತಿರವೇ ನಿಂತಿದ್ದಳು. "ಸಾರ್, ನಮ್ಮನೇಲೂ ಹೀಗೇ ಆಗಿದೆ" ಎಂದಳು. ನಾನು ಮನೆಯ ಫ್ರಿಜ್ಜಿನ ವಿಷಯವಿರಬೇಕು ಅಂದುಕೊಂಡೆ. ಅಲ್ಲ. ಅವಳು ಹೇಳುತ್ತಿದ್ದುದು ಅಮ್ಮನ ಸಂಬಳದ ವಿಷಯ.

ಅವಳ ತಾಯಿ ಊರಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಸೀರೆ ವಿಭಾಗ. ತಿಂಗಳಿಗೆ 9,500 ರೂಪಾಯಿ. ತಂದೆ ಮನೆ ಬಿಟ್ಟು ಹೋಗಿ ಬಹಳ ವರ್ಷವಾಯಿತು. ಮನೆಯಲ್ಲಿ ತಾಯಿ, ಈ ಹುಡುಗಿ, ತಮ್ಮ ಮತ್ತು ತಾಯಿಯ ತಾಯಿ, ಹೀಗೆ ನಾಲ್ಕು ಜನ. ಅಜ್ಜಿಗೆ ಹೃದಯದ ತೊಂದರೆ. ಅಂಗಡಿಯ ಮಾಲೀಕರು "ಕೌಂಟರ್ ನೀನೇ ನೋಡಿಕೊಳ್ಳಮ್ಮ, 11,000 ಕೊಡುತ್ತೇನೆ" ಎಂದಿದ್ದಾರೆ. ಆದರೆ ಅಮ್ಮ ಒಪ್ಪುತ್ತಿಲ್ಲ. ಕಾರಣ, ಬಿಪಿಎಲ್ ಕಾರ್ಡು.

ಮರುದಿನ ತಾಯಿಯೇ ಶಾಲೆಗೆ ಬಂದರು. ಮಗಳು ಮನೆಯ ಮಾತನ್ನು ಮೇಷ್ಟರ ಹತ್ತಿರ ಆಡಿದಳೆಂದು ಸಂಕೋಚ. "ಕೂತ್ಕೊಳ್ಳಿ ತಾಯಿ" ಎಂದರೂ ನಿಂತೇ ಮಾತಾಡಿದರು. "ನಂಗೆ ದುಡಿಯೋಕೆ ಬೇಜಾರಿಲ್ಲ ಸಾರ್. ಆದ್ರೆ ಕಾರ್ಡು ಹೋದ್ರೆ ಅಮ್ಮಂದು ಯಾರು ನೋಡ್ತಾರೆ?"

ಲೆಕ್ಕ ಹಾಕೋಣವೆಂದು ಹಾಳೆ ತೆಗೆದೆ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಪಡಿತರ ಚೀಟಿಗೆ ಇರುವ ಮುಖ್ಯ ಗೆರೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ. ಎಂದರೆ ತಿಂಗಳಿಗೆ 10,000. (ಮೂರು ಹೆಕ್ಟೇರಿಗಿಂತ ಹೆಚ್ಚು ಒಣಭೂಮಿ, ಸ್ವಂತಕ್ಕೆ ಕಾರು, ಪಟ್ಟಣದಲ್ಲಿ ಸಾವಿರ ಚದರಡಿಗಿಂತ ದೊಡ್ಡ ಪಕ್ಕಾ ಮನೆ ಇರಬಾರದು ಎಂಬ ಬೇರೆ ಗೆರೆಗಳೂ ಇವೆ, ಅವು ಈ ತಾಯಿಗೆ ಸಂಬಂಧಿಸಿದವಲ್ಲ.) 9,500 ಗೆರೆಯ ಈಚೆಗೆ, 11,000 ಆಚೆಗೆ. ಕಾರ್ಡಿನ ಮೇಲೆ 2013ರ ಆಹಾರ ಭದ್ರತಾ ಕಾಯಿದೆಯಂತೆ ತಲೆಗೆ ಐದು ಕಿಲೋ ಧಾನ್ಯ. 2023ರ ಜನವರಿಯಿಂದ ಅದು ಪೂರ್ತಿ ಉಚಿತ. ನಾಲ್ಕು ಜನರಿಗೆ ಇಪ್ಪತ್ತು ಕಿಲೋ. ಅಂಗಡಿಯಲ್ಲಿ ಕೊಳ್ಳುವುದಾದರೆ ಕಿಲೋಗೆ ನಲವತ್ತು ಎಂದಿಟ್ಟುಕೊಂಡರೂ 800 ರೂಪಾಯಿ. ರಾಜ್ಯ ಸರಕಾರ ಅನ್ನಭಾಗ್ಯದಲ್ಲಿ ಸೇರಿಸುವ ಪಾಲು ಬೇರೆ. ಅದು ಕಾಲಕಾಲಕ್ಕೆ ರೂಪ ಬದಲಿಸಿದೆ, ಒಮ್ಮೆ ತಲೆಗೆ 170 ರೂಪಾಯಿ ನಗದಾಗಿ, ಆಮೇಲೆ ಅಕ್ಕಿಯಾಗಿ. ಅದರ ಬೆಲೆಯನ್ನೂ ಸುಮಾರು 800 ಎಂದೇ ಹಿಡಿದೆ. ಒಟ್ಟು 1,600. ಏರುವ ಸಂಬಳ 1,500. ಬಡ್ತಿ ಪಡೆದದ್ದಕ್ಕೆ ತಿಂಗಳಿಗೆ ನೂರು ರೂಪಾಯಿ ನಷ್ಟ!

ಅಕ್ಕಿಯದು ಸಣ್ಣ ಮಾತು. ದೊಡ್ಡದು ಆಸ್ಪತ್ರೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ನಿಗದಿಯಾದ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ಮೀರದಂತೆ. ಉಳಿದ ಶೇ. 70 ಕೈಯಿಂದ. ಅಜ್ಜಿಗೆ ನಾಳೆ ಆಪರೇಷನ್ ಎಂದರೆ ಆ ಎಪ್ಪತ್ತು ಎಲ್ಲಿಂದ ಬರಬೇಕು?

ಗೃಹಲಕ್ಷ್ಮಿಯ ಎರಡು ಸಾವಿರ ಹೋಗುತ್ತದೆಯೇ ಎಂದು ಅವರಿಗೆ ಇನ್ನೊಂದು ಭಯವಿತ್ತು. ಅದು ಹೋಗುವುದಿಲ್ಲ. 2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಆರಂಭವಾದ ಆ ಯೋಜನೆಯಲ್ಲಿ ಯಜಮಾನಿಯೋ ಆಕೆಯ ಪತಿಯೋ ಆದಾಯ ತೆರಿಗೆ ಕಟ್ಟುವವರಾಗಿರಬಾರದು, ಜಿಎಸ್‌ಟಿ ಲೆಕ್ಕ ಸಲ್ಲಿಸುವವರಾಗಿರಬಾರದು ಅಷ್ಟೆ. ಎಪಿಎಲ್ ಚೀಟಿಯ ಯಜಮಾನಿಗೂ ಬರುತ್ತದೆ. ಒಂದೇ ಮನೆಗೆ ಬರುವ ಎರಡು ನೆರವುಗಳಲ್ಲಿ ಒಂದರ ಗೆರೆ ಇಲ್ಲಿ, ಇನ್ನೊಂದರದು ಎಲ್ಲೋ ದೂರದಲ್ಲಿ. ಇದು ಜನರಿಗೆ ತಿಳಿದಿರುವುದಿಲ್ಲ. ತಿಳಿಸಿ ಹೇಳುವವರೂ ಕಡಿಮೆ.

ನನ್ನ ವಿದ್ಯಾರ್ಥಿನಿಯ ಹೋಲಿಕೆ ಬಹುಮಟ್ಟಿಗೆ ಸರಿ, ಪೂರ್ತಿ ಅಲ್ಲ. ಮಂಜುಗಡ್ಡೆಯ ಶಾಖ ಎಲ್ಲೂ ಹೋಗಿಲ್ಲ, ಅಣುಗಳ ಹಿಡಿತ ಸಡಿಲಿಸುವುದಕ್ಕೆ ವ್ಯಯವಾಗಿದೆ. ಇಲ್ಲಿ ದುಡಿಮೆಯ ಫಲ ಒಂದು ಕೈಯಲ್ಲಿ ಬಂದು ಇನ್ನೊಂದು ಕೈಯಿಂದ ಜಾರುತ್ತದೆ. ಅದಲ್ಲದೆ ಇವರ ಲೆಕ್ಕದಲ್ಲಿ ಪಾದರಸ ನಿಂತಿಲ್ಲ, ನೂರು ರೂಪಾಯಿಯಷ್ಟು ಕೆಳಗಿಳಿದಿದೆ. ಶಾಖ ಕೊಟ್ಟರೆ ತಣ್ಣಗಾಗುವ ವಸ್ತು ನಮ್ಮ ಪ್ರಯೋಗಶಾಲೆಯಲ್ಲಿ ಯಾವುದೂ ಇಲ್ಲ. (ನಕ್ಷತ್ರಗಳ ಲೆಕ್ಕದಲ್ಲಿ ಅಂಥದ್ದಿದೆ, ಅದನ್ನು ಇನ್ನೊಂದು ವಾರ ನೋಡೋಣ.)

ಈ ತೊಡಕು ನಮ್ಮ ತಾಲ್ಲೂಕಿನಲ್ಲಿ ಹುಟ್ಟಿದ್ದಲ್ಲ. ಬ್ಲ್ಯಾಕ್ ಮಹಾಶಯರು ಇನ್ನೂ ಬದುಕಿದ್ದಾಗಲೇ, 1795ರಲ್ಲಿ, ಇಂಗ್ಲೆಂಡಿನ ಬರ್ಕ್‌ಷೈರ್ ಪ್ರಾಂತದ ಸ್ಪೀನ್‌ಹ್ಯಾಮ್‌ಲ್ಯಾಂಡ್ ಎಂಬಲ್ಲಿ ಇದು ಲಿಖಿತ ರೂಪಕ್ಕೆ ಬಂತು. ಬೆಳೆ ಕೆಟ್ಟಿತ್ತು, ಫ್ರಾನ್ಸಿನೊಡನೆ ಯುದ್ಧ ನಡೆದಿತ್ತು, ರೊಟ್ಟಿಯ ಬೆಲೆ ಕೂಲಿಕಾರರ ಕೈಗೆಟುಕದಂತಾಗಿತ್ತು. ಮೇ 6ರಂದು ಅಲ್ಲಿನ ಮ್ಯಾಜಿಸ್ಟ್ರೇಟರು ಪೆಲಿಕನ್ ಎಂಬ ಹೋಟೆಲಿನಲ್ಲಿ ಸಭೆ ಸೇರಿ ಒಂದು ಪಟ್ಟಿ ಮಾಡಿದರು. ದೊಡ್ಡ ರೊಟ್ಟಿಯ ಬೆಲೆ ಒಂದು ಷಿಲಿಂಗ್ ಇದ್ದಾಗ ಗಂಡಸಿಗೆ ವಾರಕ್ಕೆ 3 ಷಿಲಿಂಗ್, ಹೆಂಡತಿ ಮತ್ತು ಮಕ್ಕಳಿಗೆ ತಲಾ ಒಂದೂವರೆ ಷಿಲಿಂಗ್ ಆದಾಯವಿರಬೇಕು. ಅಷ್ಟು ದುಡಿಯದಿದ್ದರೆ ಕೊರತೆಯನ್ನು ಊರಿನ ತೆರಿಗೆಯಿಂದ ತುಂಬಬೇಕು. ರೊಟ್ಟಿಯ ಬೆಲೆ ಏರಿದರೆ ಪಟ್ಟಿಯೂ ಏರಬೇಕು.

ಮಕ್ಕಳೇ, ಪೆನ್ಸಿಲ್ ಹಿಡಿಯಿರಿ. ಗಂಡ, ಹೆಂಡತಿ, ಎರಡು ಮಕ್ಕಳ ಸಂಸಾರಕ್ಕೆ ಏಳೂವರೆ ಷಿಲಿಂಗ್. ಅವನು 5 ದುಡಿದರೆ ಊರು ಎರಡೂವರೆ ಕೊಡುತ್ತದೆ. 6 ದುಡಿದರೆ ಒಂದೂವರೆ. 7 ದುಡಿದರೆ ಅರ್ಧ. ಮೂರು ಸಂದರ್ಭದಲ್ಲೂ ಮನೆಗೆ ಬರುವುದು ಏಳೂವರೆಯೇ. ಇದು ಥೇಟ್ ನಮ್ಮ ಬೀಕರಿನ ಮಂಜುಗಡ್ಡೆ. ಧಣಿಯ ಕಡೆಯಿಂದಲೂ ನೋಡಿ: ಕೂಲಿಯನ್ನು 5ರಿಂದ 4ಕ್ಕೆ ಇಳಿಸಿದರೂ ಆಳಿಗೆ ನಷ್ಟವಿಲ್ಲ, ಊರು ತುಂಬಿಕೊಡುತ್ತದೆ. ದಯೆಯಿಂದ ಮಾಡಿದ ಪಟ್ಟಿಯೇ. ಹಸಿದವರು ಉಂಡದ್ದೂ ನಿಜ. ಕೊರೆ ಇದ್ದದ್ದು ಇಳಿಜಾರಿನಲ್ಲಿ.

ಮುಂದೆ ಆದದ್ದು ಕೆಟ್ಟದ್ದು. 1832ರಲ್ಲಿ ಒಂದು ಆಯೋಗ ನೇಮಕವಾಗಿ, ಈ ನೆರವಿನಿಂದ ಜನ ಸೋಮಾರಿಗಳಾದರು ಎಂದು ವರದಿ ಕೊಟ್ಟಿತು. 1834ರ ಕಾನೂನು ಕೂಡಿ ಬಾಳುವ ಸಂಸಾರಗಳಿಗೆ ಮನೆಯಲ್ಲೇ ಸಿಗುತ್ತಿದ್ದ ನೆರವನ್ನು ಮೊಟಕುಗೊಳಿಸಿ, ಬೇಕಾದವರು ದುಡಿಮೆಮನೆಗೆ ಬಂದು ಸೇರಲಿ ಎಂದಿತು. ಅಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಬೇಡಲು ಬರುವವನಿಗೆ ಅವಮಾನವಾಗಬೇಕು ಎಂಬುದೇ ಅದರ ಸೂತ್ರ. ನೂರಮೂವತ್ತು ವರ್ಷಗಳ ಅನಂತರ, 1963ರಲ್ಲಿ, ಮಾರ್ಕ್ ಬ್ಲಾಗ್ ಎಂಬ ಅರ್ಥಶಾಸ್ತ್ರಜ್ಞರು ಆ ಆಯೋಗದ ಅಂಕಿ ಅಂಶಗಳನ್ನು ಮತ್ತೆ ಹರಡಿಕೊಂಡು ಕೂತು, ಅವು ಆಯೋಗದ ತೀರ್ಮಾನಕ್ಕೆ ಆಧಾರ ಕೊಡುವುದಿಲ್ಲ ಎಂದು ತೋರಿಸಿದರು. ಉತ್ತರ ಮೊದಲು ಬರೆದು ಆಮೇಲೆ ಪ್ರಯೋಗದ ಅಂಕಣ ತುಂಬುವ ವಿದ್ಯಾರ್ಥಿಗಳನ್ನು ನಾನು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಆಯೋಗಗಳೂ ಹಾಗೆ ಮಾಡುತ್ತವೆ ಎಂದು ತಿಳಿದಾಗ ಸ್ವಲ್ಪ ಸಮಾಧಾನವೇ ಆಯಿತು.

"ಪುಕ್ಕಟೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ" ಎಂಬ ಮಾತು ನಮ್ಮ ಶಿಕ್ಷಕರ ಕೊಠಡಿಯಲ್ಲೂ ವಾರಕ್ಕೆರಡು ಸಲ ಕೇಳಿಬರುತ್ತದೆ. ಹೇಳುವವರೆಲ್ಲ ತಿಂಗಳ ಕೊನೆಗೆ ತಪ್ಪದೆ ಸಂಬಳ ಎಣಿಸುವವರು, ನಾನೂ ಅವರಲ್ಲೊಬ್ಬ. ವಿಜ್ಞಾನದ ಮೇಷ್ಟರು ಕೇಳಬೇಕಾದ ಪ್ರಶ್ನೆ ಒಂದೇ: ಯಾರಾದರೂ ಪ್ರಯೋಗ ಮಾಡಿ ನೋಡಿದ್ದಾರೆಯೇ? ಮಾಡಿದ್ದಾರೆ. ನಮ್ಮವರೇ ಆದ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಆರು ಬಡ ದೇಶಗಳ ಏಳು ನಗದು ನೆರವಿನ ಯೋಜನೆಗಳನ್ನು, ನೆರವು ಪಡೆದವರನ್ನೂ ಪಡೆಯದವರನ್ನೂ ಎದುರು ಬದುರಿಟ್ಟು ಹೋಲಿಸಿ, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಣ ಬಂತೆಂದು ಜನ ದುಡಿಮೆ ಕಡಿಮೆ ಮಾಡಿದ್ದಕ್ಕೆ ಸಾಕ್ಷ್ಯ ಸಿಗಲಿಲ್ಲ.

ಫಿನ್ಲೆಂಡಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2017 ಮತ್ತು 2018ರಲ್ಲಿ, ಎರಡು ಸಾವಿರ ನಿರುದ್ಯೋಗಿಗಳನ್ನು ಚೀಟಿ ಎತ್ತಿದಂತೆ ಆರಿಸಿ, ತಿಂಗಳಿಗೆ 560 ಯೂರೊ ಕೊಟ್ಟರು. ಷರತ್ತಿಲ್ಲ. ಕೆಲಸ ಸಿಕ್ಕಿದರೂ ಅದು ನಿಲ್ಲುವುದಿಲ್ಲ. ಅಂದರೆ ಗುಪ್ತೋಷ್ಣವನ್ನೇ ತೆಗೆದುಹಾಕಿ ನೋಡಿದರು. ಮೊದಲ ವರ್ಷ ದುಡಿಮೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ ಎನ್ನಬಹುದು. ಎರಡನೆಯ ವರ್ಷದ ಲೆಕ್ಕದಲ್ಲಿ ಉಳಿದ ನಿರುದ್ಯೋಗಿಗಳಿಗಿಂತ ಇವರು ಸರಾಸರಿ ಆರು ದಿನ ಹೆಚ್ಚು ಕೆಲಸ ಮಾಡಿದ್ದರು. ಆರೇ ದಿನ. ಸೋಮಾರಿಗಳಾಗಲಿಲ್ಲ, ಹಾಗೆಂದು ಎಲ್ಲರಿಗೂ ಕೆಲಸ ಸಿಕ್ಕಿಬಿಡಲೂ ಇಲ್ಲ. ಆದರೆ ಮನಸ್ಸಿಗೆ ನೆಮ್ಮದಿ ಹೆಚ್ಚಿತ್ತು, ನಾಳೆಯ ಬಗ್ಗೆ ಭರವಸೆ ಹೆಚ್ಚಿತ್ತು. ಇದರಲ್ಲೂ ಒಂದು ಎಡವಟ್ಟು: ಪ್ರಯೋಗ ನಡೆಯುತ್ತಿರುವಾಗಲೇ 2018ರ ಆರಂಭದಲ್ಲಿ ಸರಕಾರ ಉಳಿದ ನಿರುದ್ಯೋಗಿಗಳ ನಿಯಮಗಳನ್ನು ಬದಲಿಸಿತು. ಬೀಕರಿನ ಕೆಳಗಿನ ದೀಪವನ್ನು ಯಾರೋ ನಡುವೆ ಬಂದು ದೊಡ್ಡದು ಮಾಡಿದ ಹಾಗೆ. ಆ ಆರು ದಿನಗಳಲ್ಲಿ ಎಷ್ಟು ಯಾವುದರಿಂದ ಎಂದು ಬಿಡಿಸುವುದು ಕಷ್ಟವಾಯಿತು.

ಬ್ರಿಟನ್ನಿನವರು ಇಳಿಜಾರನ್ನು ಸರಿಪಡಿಸಲು ಇಂದಿಗೂ ಹೆಣಗುತ್ತಿದ್ದಾರೆ. ಅಲ್ಲಿ 2012ರ ಕಾನೂನಿನಿಂದ ಹಲವು ನೆರವುಗಳನ್ನು ಒಂದೇ ಚೀಲಕ್ಕೆ ಹಾಕಿ ಯೂನಿವರ್ಸಲ್ ಕ್ರೆಡಿಟ್ ಎಂದು ಕರೆದರು. ದುಡಿಮೆ ಒಂದು ಪೌಂಡ್ ಏರಿದರೆ ನೆರವು 65 ಪೆನ್ಸ್ ಇಳಿಯುತ್ತಿತ್ತು. 2017ರಲ್ಲಿ ಅದನ್ನು 63ಕ್ಕೆ, 2021ರಲ್ಲಿ 55ಕ್ಕೆ ತಂದರು. ಈಗ ದುಡಿದ ಹೆಚ್ಚಿನ ಪೌಂಡಿನಲ್ಲಿ 45 ಪೆನ್ಸ್ ಕೈಯಲ್ಲಿ ಉಳಿಯುತ್ತದೆ. ಬಹಳವೇನಲ್ಲ. ಆದರೂ ಅದು ಇಳಿಜಾರು, ನಮ್ಮದು ಕಮರಿ. 10,000 ರೂಪಾಯಿವರೆಗೆ ಎಲ್ಲವೂ ಇದೆ, ಒಂದು ರೂಪಾಯಿ ದಾಟಿದರೆ ಪ್ರಪಾತ. ಸಂಬಳ ಏರಿದಂತೆ ಅಕ್ಕಿಯನ್ನು ಮೊದಲು ಅರ್ಧ, ಆಮೇಲೆ ಕಾಲು ಎಂದು ಇಳಿಸಬಹುದು. ಆಸ್ಪತ್ರೆಯ ಸೌಲಭ್ಯವನ್ನಾದರೂ ಕಾರ್ಡು ಹೋದ ಮೇಲೆ ಎರಡು ವರ್ಷ ಮುಂದುವರಿಸಬಹುದು. ಲೆಕ್ಕ ಇಡುವುದು ಕಷ್ಟ ಎನ್ನುತ್ತಾರೆ. ಇರಬಹುದು. ಆದರೆ 1.20 ಲಕ್ಷದ ಗೆರೆಯನ್ನು ಹಲವು ವರ್ಷಗಳಿಂದ ಅಲ್ಲೇ ಬಿಟ್ಟಿರುವುದಕ್ಕೆ ಆ ಕಾರಣ ಹೊಂದುವುದಿಲ್ಲ. ಅಕ್ಕಿಯ ಬೆಲೆ, ಕೂಲಿ, ಬಾಡಿಗೆ ಎಲ್ಲವೂ ಏರಿದವು, ಗೆರೆ ಮಾತ್ರ ಏರಲಿಲ್ಲ.

ನಿರುದ್ಯೋಗಿಗಳ ನೆರವಿನಲ್ಲೂ ಇದೇ ಕಥೆ. ನಮ್ಮ ಸಂವಿಧಾನದ 41ನೆಯ ವಿಧಿ, ರಾಜ್ಯ ತನ್ನ ಶಕ್ತಿಯ ಮಿತಿಯೊಳಗೆ ಕೆಲಸದ ಹಕ್ಕಿಗೂ ನಿರುದ್ಯೋಗ, ಮುಪ್ಪು, ಕಾಯಿಲೆಗಳಲ್ಲಿ ನೆರವಿಗೂ ಏರ್ಪಾಟು ಮಾಡಬೇಕೆಂದು ಹೇಳುತ್ತದೆ. ನಾನು ಬಿ.ಎಡ್. ಮುಗಿಸಿ ಕೂತಿದ್ದಾಗ ಆ ಏರ್ಪಾಟು ಎಂದರೆ ಉದ್ಯೋಗ ವಿನಿಮಯ ಕೇಂದ್ರದ ಒಂದು ಕಾರ್ಡು. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು. ನವೀಕರಿಸಲು ಹೋಗುವ ಬಸ್ ಚಾರ್ಜನ್ನು ಅಪ್ಪನ ಹತ್ತಿರ ಕೇಳಬೇಕಿತ್ತು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾನೂನಿನಲ್ಲಿ, ಅರ್ಜಿ ಕೊಟ್ಟ ಹದಿನೈದು ದಿನದೊಳಗೆ ಕೆಲಸ ಕೊಡದಿದ್ದರೆ ಮೊದಲ ಮೂವತ್ತು ದಿನ ಕೂಲಿಯ ಕಾಲು ಭಾಗಕ್ಕೆ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದ ಭತ್ಯೆ ಕೊಡಬೇಕೆಂದು ಬರೆದರು. ಕೇಳಿ ಪಡೆದವರನ್ನು ನಾನಂತೂ ನೋಡಿಲ್ಲ.

ನಮ್ಮ ರಾಜ್ಯದ ಯುವನಿಧಿ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಆರಂಭವಾಯಿತು. ಪಾಸಾಗಿ 180 ದಿನ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಓದು ಮುಂದುವರಿಸಿದರೆ ಇಲ್ಲ, ಭತ್ಯೆ ಸಹಿತ ಅಪ್ರೆಂಟಿಸ್ ಸೇರಿದರೆ ಇಲ್ಲ, ಎಂಥದೇ ನೌಕರಿ ಸಿಕ್ಕರೂ ಇಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ 2023ರಲ್ಲಿ ಬಿ.ಎಸ್ಸಿ. ಮುಗಿಸಿದವನು ಸಲಹೆ ಕೇಳಲು ಬಂದಿದ್ದ. ದೂರದ ಕಾರ್ಖಾನೆಯಲ್ಲಿ 9,000 ರೂಪಾಯಿಯ ಅಪ್ರೆಂಟಿಸ್ ಕೆಲಸ. ರೂಮು, ಊಟಕ್ಕೆ 5,500. ಹೋಗುವ ಯುವನಿಧಿ 3,000. ಉಳಿಯುವುದು 500. "ಐನೂರು ರೂಪಾಯಿಗೆ ಊರು ಬಿಡಬೇಕಾ ಸಾರ್?" ಎಂದ. ಅವನಪ್ಪ ಪಕ್ಕದಲ್ಲೇ ಕೂತು "ಮೈಗಳ್ಳ" ಎಂದು ಬೈದರು. ಅಪ್ಪಂದಿರಲ್ಲಿ ನನ್ನ ವಿನಂತಿ: ಬೈಯುವ ಮೊದಲು ಈ ಕಳೆಯುವ ಲೆಕ್ಕವನ್ನು ಒಮ್ಮೆ ಮಾಡಿ. ಹುಡುಗ ಮೈಗಳ್ಳನಲ್ಲ, ಅವನಿಗೆ ಲೆಕ್ಕ ಬರುತ್ತದೆ. ಆದರೂ ನಾನು ಅವನಿಗೆ ಹೋಗು ಎಂದೇ ಹೇಳಿದೆ. ಮೂರು ಸಾವಿರಕ್ಕೆ ಎರಡು ವರ್ಷದ ಆಯುಸ್ಸು. ಲೇತ್ ಮೇಲೆ ಕಲಿತ ಕೆಲಸಕ್ಕೆ ಅಂಥ ಗಡುವಿಲ್ಲ. ಹೋದ.

ಬಟ್ಟೆ ಅಂಗಡಿಯ ತಾಯಿಗೆ ಅಷ್ಟು ಸುಲಭವಾಗಿ ಹೋಗಿ ಎನ್ನಲಾಗಲಿಲ್ಲ. ಮಾಲೀಕರು ಒಂದು ಉಪಾಯ ಹೇಳಿದ್ದರಂತೆ: "ಸ್ಲಿಪ್ಪಿನಲ್ಲಿ 9,500 ಇರಲಿ, ಉಳಿದದ್ದು ಕೈಗೆ ಕೊಡುತ್ತೇನೆ." ಇಂಥ ಉಪಾಯ ಊರೆಲ್ಲ ನಡೆಯುತ್ತದೆ. ಸುಳ್ಳು ಎಂಬುದನ್ನು ಪಕ್ಕಕ್ಕಿಟ್ಟರೂ, ಸಿಕ್ಕಿಬಿದ್ದರೆ ಕಾರ್ಡು ಹೋಗುವುದು ಇವರದು, ಮಾಲೀಕರದಲ್ಲ. "ಅಂಗಡೀಲಿ ಎಷ್ಟು ಜನ ಕೆಲಸಕ್ಕಿದ್ದೀರಿ?" ಎಂದು ಕೇಳಿದೆ. ಹದಿನಾಲ್ಕು ಎಂದರು.

ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿ ಇಎಸ್‌ಐ ವ್ಯಾಪ್ತಿಗೆ ಬರುತ್ತದೆ. ನಿಯಮದಂತೆ ಮೊದಲೇ ನೋಂದಣಿ ಆಗಿರಬೇಕಿತ್ತು. ಸಂಬಳದ ಶೇ. 0.75 ನೌಕರರದು, ಶೇ. 3.25 ಮಾಲೀಕರದು. 11,000ಕ್ಕೆ ಇವರು ಕಟ್ಟಬೇಕಾದದ್ದು 82 ರೂಪಾಯಿ 50 ಪೈಸೆ. ಇದಕ್ಕೆ ಪ್ರತಿಯಾಗಿ ಇವರಿಗೆ, ಮಕ್ಕಳಿಗೆ, ಇವರನ್ನೇ ಅವಲಂಬಿಸಿದ ತಾಯಿಗೂ ಚಿಕಿತ್ಸೆ. ದೊಡ್ಡ ಚಿಕಿತ್ಸೆಗೆ ಕೆಲವು ತಿಂಗಳು ಕಂತು ತುಂಬಿರಬೇಕೆಂಬ ನಿಯಮವಿದೆ, ಆದ್ದರಿಂದ ತಡಮಾಡಬಾರದು. ಕೆಲಸ ಹೋದರೆ ತೊಂಬತ್ತು ದಿನದವರೆಗೆ ಸರಾಸರಿ ಕೂಲಿಯ ಅರ್ಧ ಕೊಡುವ ಯೋಜನೆಯೊಂದನ್ನೂ ಇಎಸ್‌ಐನವರು 2018ರಲ್ಲಿ ಆರಂಭಿಸಿ, ಅವಧಿ ವಿಸ್ತರಿಸುತ್ತಾ ಬಂದಿದ್ದಾರೆ. ಕಾರ್ಡನ್ನು ಕಸಿಯುವ ಸಂಬಳದ ಸ್ಲಿಪ್ಪೇ ಈ ಬಾಗಿಲನ್ನು ತೆರೆಯುತ್ತದೆ. ಬಚ್ಚಿಟ್ಟ ಸಂಬಳಕ್ಕೆ ಈ ಬಾಗಿಲಿಲ್ಲ. ನನಗೂ ಇದು ಮೊದಲು ಹೊಳೆದಿರಲಿಲ್ಲ. ಇಎಸ್‌ಐ ಕಚೇರಿಯಿಂದ ನಿವೃತ್ತರಾದ ನೆರೆಮನೆಯವರು ಹೇಳಿಕೊಟ್ಟರು.

ಹುಡುಗಿ ಮುಂದಿನ ವಾರ ಗ್ರಾಫ್ ಹಾಳೆಯೊಂದನ್ನು ತಂದು ತೋರಿಸಿದಳು. ಅಡ್ಡಕ್ಕೆ ಅಮ್ಮನ ಸಂಬಳ, ಲಂಬಕ್ಕೆ ಅಕ್ಕಿಯ ಬೆಲೆಯೂ ಸೇರಿ ಮನೆಗೆ ಬರುವ ಒಟ್ಟು. ರೇಖೆ ಏರುತ್ತಾ ಹೋಗಿ 10,000ದ ಹತ್ತಿರ ಧೊಪ್ಪೆಂದು ಬಿದ್ದು ಮತ್ತೆ ಏರುತ್ತಿತ್ತು. ಈಗಿರುವ ಮಟ್ಟವನ್ನು ಮತ್ತೆ ಮುಟ್ಟುವುದು 11,100ರಲ್ಲಿ ಎಂದು ಕೆಂಪು ಶಾಯಿಯಲ್ಲಿ ಚುಕ್ಕೆ ಇಟ್ಟಿದ್ದಳು. ಇಎಸ್‌ಐ ಕಂತು ಸೇರಿಸಿ ಅದರ ಪಕ್ಕದಲ್ಲೇ ಇನ್ನೊಂದು ಚುಕ್ಕೆ, 11,200ಕ್ಕೆ ತುಸು ಹಿಂದೆ.

"ಅಜ್ಜಿಯ ಆಪರೇಷನ್ ಎಲ್ಲಿ ಬರೀಲಿ ಸಾರ್?" ಎಂದು ಕೇಳಿದಳು. ಗ್ರಾಫಿನ ಮೇಲೆ ಅದಕ್ಕೆ ಜಾಗ ಹುಡುಕಿದೆ, ಸಿಗಲಿಲ್ಲ. ಹಾಳೆಯ ಹಿಂಬದಿಯಲ್ಲಿ ಬರೆದುಕೋ ಎಂದೆ.

ತಾಯಿ ಆ ಹಾಳೆಯನ್ನು ಮಡಿಸಿ ಅಂಗಡಿಗೆ ಒಯ್ದರಂತೆ. ಸಂಬಳ 12,000, ಜೊತೆಗೆ ಇಎಸ್‌ಐ ಎಂದು ಕೇಳಿದ್ದಾರೆ. ದೀಪಾವಳಿಯ ವ್ಯಾಪಾರ ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದಾರೆ ಮಾಲೀಕರು.